ಆ ವೇಟರ್ ಕೇಳಿದ ಪ್ರಶ್ನೆ

ಪ್ರೀತಿಯ ಗೆಳೆಯಾ,

ಹೋದ ತಿಂಗಳು ಫೋನಿನಲ್ಲಿ ನೀನು ನನ್ನನ್ನು ಒಂದು ಮಾತು ಕೇಳಿದೆ. ನಾನು ಅದಕ್ಕೆ ಉತ್ತರ ಕೊಡಲಿಲ್ಲ. ಫುಟ್‌ಬಾಲ್ ಆಟಗಾರ ಜಾರ್ಜ್ ಬೆಸ್ಟ್‌ನ ವೇಟರ್ ಕಥೆ ಹೇಳಿದೆ. ನೀನು ನಗಲಿಲ್ಲ. ಇಷ್ಟು ವರ್ಷದಲ್ಲಿ ಆ ಕಥೆಗೆ ನೀನು ನಗದೇ ಇದ್ದದ್ದು ಅದೇ ಮೊದಲು. ಅವತ್ತಿನಿಂದ ಅದೇ ತಲೆಯಲ್ಲಿ ಕೂತಿದೆ ಕಣೋ.

ಗೊತ್ತಿಲ್ಲದವರಿಗಾಗಿ ಕಥೆಯನ್ನು ಇನ್ನೊಮ್ಮೆ ಹೇಳುತ್ತೇನೆ, ನೀನು ಸ್ವಲ್ಪ ತಾಳಿಕೋ. ಬೆಸ್ಟ್ ಒಂದು ಹೋಟೆಲ್ ರೂಮಿನಲ್ಲಿದ್ದಾನೆ. ಕ್ಯಾಸಿನೊದಲ್ಲಿ ಗೆದ್ದ ನೋಟುಗಳು ಹಾಸಿಗೆ ತುಂಬ ಹರಡಿವೆ. ಜೊತೆಯಲ್ಲಿ ವಿಶ್ವಸುಂದರಿ. ಶಾಂಪೇನ್ ತಂದ ವೇಟರ್ ಇದನ್ನೆಲ್ಲ ನೋಡಿ, ಬೆಸ್ಟ್ ಅವರೇ, ಎಲ್ಲಿ ತಪ್ಪಿಹೋಯಿತು ಅಂತ ಕೇಳುತ್ತಾನೆ. ಬೆಸ್ಟ್ ತಾನೇ ಇದನ್ನು ಎಲ್ಲೆಲ್ಲೋ ಹೇಳಿ ಜನರನ್ನು ನಗಿಸುತ್ತಿದ್ದ. ನಾವೂ ಅವನ ಜೊತೆ ನಗುತ್ತಿದ್ದೆವು. ಎಂಥಾ ಪೆದ್ದ ವೇಟರ್, ಅಲ್ವಾ?

ಆದರೆ ಆ ವೇಟರ್ ಬೆಸ್ಟ್‌ನ ಆಟ ನೋಡಿದ್ದವನಾಗಿದ್ದರೆ? ನನಗೆ ಈಗ ಹಾಗೇ ಅನ್ನಿಸುತ್ತದೆ. ಆಟ ನೋಡಿದವರಿಗೆ ನೋಟು ಕಾಣುವುದಿಲ್ಲ.

1966ರ ಮಾರ್ಚ್, ಲಿಸ್ಬನ್. ಯುರೋಪಿನ ಕ್ಲಬ್‌ಗಳ ದೊಡ್ಡ ಪಂದ್ಯಾವಳಿ ಯುರೋಪಿಯನ್ ಕಪ್‌ನಲ್ಲಿ ಅಲ್ಲಿನ ಬೆನ್‌ಫಿಕಾ ತಂಡವನ್ನು ಅವರ ಮೈದಾನದಲ್ಲಿ ಅಲ್ಲಿಯವರೆಗೆ ಯಾರೂ ಸೋಲಿಸಿರಲಿಲ್ಲ. ಮೊದಲು ಸ್ವಲ್ಪ ಹೊತ್ತು ಹುಷಾರಾಗಿ ಆಡಿ ಅಂತ ಬೆಸ್ಟ್ ಆಡುತ್ತಿದ್ದ ಮ್ಯಾಂಚೆಸ್ಟರ್ ಯುನೈಟೆಡ್‌ನ ಮ್ಯಾನೇಜರ್ ಮ್ಯಾಟ್ ಬಸ್ಬಿ ಹೇಳಿ ಕಳಿಸಿದ್ದರು. ಹತ್ತೊಂಬತ್ತರ ಹುಡುಗ ಕಾಲು ಗಂಟೆಯೊಳಗೆ ಎರಡು ಗೋಲು ಹೊಡೆದುಬಿಟ್ಟ! ಮ್ಯಾಂಚೆಸ್ಟರ್ ಯುನೈಟೆಡ್ 5-1ರಿಂದ ಗೆದ್ದಿತು. ಎರಡು ವರ್ಷ ಬಿಟ್ಟು, 1968ರ ಮೇ 29ರಂದು, ವೆಂಬ್ಲಿಯಲ್ಲಿ ಫೈನಲ್. ಮತ್ತೆ ಅದೇ ಬೆನ್‌ಫಿಕಾ. ತೊಂಬತ್ತು ನಿಮಿಷ ಮುಗಿದಾಗ 1-1. ಹೆಚ್ಚುವರಿ ಸಮಯದಲ್ಲಿ ಬೆಸ್ಟ್ ಗೋಲ್‌ಕೀಪರನ್ನೂ ದಾಟಿ ಚೆಂಡನ್ನು ಬಲೆಗೆ ತಳ್ಳಿದ. ಅವತ್ತಿಗೆ ಅವನಿಗೆ ಇಪ್ಪತ್ತೆರಡು ತುಂಬಿ ಒಂದೇ ವಾರ. ಯುರೋಪಿನ ಶ್ರೇಷ್ಠ ಆಟಗಾರನಿಗೆ ಕೊಡುತ್ತಿದ್ದ ಆ ವರ್ಷದ ಬ್ಯಾಲನ್ ಡಿ'ಓರ್ ಅವನದೇ.

ಹಳೇ ದೃಶ್ಯಗಳನ್ನು ಮೊನ್ನೆ ರಾತ್ರಿ ಮತ್ತೆ ಹಾಕಿಕೊಂಡು ಕೂತಿದ್ದೆ. ಕೆಸರು ಮೈದಾನ. ದಪ್ಪ ಬೂಟಿನ ಡಿಫೆಂಡರ್‌ಗಳು ಕಾಲನ್ನೇ ಗುರಿ ಇಟ್ಟು ಬರುತ್ತಾರೆ. ಇವನು ಬೀಳುವುದಿಲ್ಲ. ಬಿದ್ದ ಹಾಗೆ ವಾಲಿ, ಮತ್ತೆ ಎದ್ದು ಓಡುತ್ತಾನೆ. ಬಲಗಾಲು ಯಾವುದು, ಎಡಗಾಲು ಯಾವುದು ಅಂತ ಹೇಳುವುದೇ ಕಷ್ಟ. ಹುಟ್ಟಿನಿಂದ ಬಂದದ್ದಲ್ಲ ಅದು. ಬೆಲ್‌ಫಾಸ್ಟ್‌ನಲ್ಲಿ ಹುಡುಗನಾಗಿದ್ದಾಗ ಟೆನಿಸ್ ಚೆಂಡು ಒದ್ದು ಒದ್ದು ದುರ್ಬಲ ಕಾಲನ್ನು ಪಳಗಿಸಿಕೊಂಡವನು. ಅಷ್ಟು ಶ್ರದ್ಧೆ ಇದ್ದವನು ಕಣೋ. ಸೋಮಾರಿ ಅಲ್ಲವೇ ಅಲ್ಲ.

1971ರ ಜನವರಿಯಲ್ಲಿ ಚೆಲ್ಸಿ ವಿರುದ್ಧ ಆಡಲು ಹೊರಟ ತಂಡದ ರೈಲನ್ನು ತಪ್ಪಿಸಿಕೊಂಡ. ಆಮೇಲೆ ಲಂಡನ್ನಿಗೇನೋ ಹೋದ, ಮೈದಾನಕ್ಕೆ ಹೋಗಲಿಲ್ಲ. 1974ರ ಜನವರಿ 1ರಂದು ಯುನೈಟೆಡ್ ಪರ ಕೊನೆಯ ಪಂದ್ಯ. ಒಟ್ಟು 470 ಪಂದ್ಯ, 179 ಗೋಲು. ವಯಸ್ಸು ಇಪ್ಪತ್ತೇಳು. ಅದಾದ ಕೆಲವೇ ದಿನಕ್ಕೆ ಇನ್ನೊಂದು ಪಂದ್ಯದಿಂದ ಅವನನ್ನು ಕೈಬಿಟ್ಟರು. ಜನ ಎಲ್ಲ ಹೋದ ಮೇಲೆ ಖಾಲಿ ಸ್ಟ್ಯಾಂಡಿನಲ್ಲಿ ಒಬ್ಬನೇ ಕೂತು ಅತ್ತೆ ಅಂತ ಅವನೇ ಹೇಳಿಕೊಂಡಿದ್ದಾನೆ. ಈ ಕಥೆಯನ್ನು ನಾವು ಒಂದು ಸಲವೂ ಹೇಳಿಕೊಳ್ಳಲಿಲ್ಲ ನೋಡು. ವೇಟರ್ ಕಥೆ ಮಾತ್ರ ಬಾಯಿಪಾಠ.

ಅವನ ಅಮ್ಮನ ವಿಷಯ ನಿನಗೆ ಗೊತ್ತಾ? ಆ್ಯನ್ ಅಂತ ಹೆಸರು. ಒಳ್ಳೆಯ ಹಾಕಿ ಆಟಗಾರ್ತಿ. ನಲವತ್ತು ದಾಟುವವರೆಗೂ ಒಂದು ಹನಿ ಮುಟ್ಟಿದವರಲ್ಲ. ಆಮೇಲೆ ಶುರುವಾದದ್ದು ನಿಲ್ಲಲಿಲ್ಲ. 1978ರಲ್ಲಿ ಕುಡಿತವೇ ಅವರನ್ನು ಕೊಂದಿತು. ಅಮ್ಮ ಹಾಗೆ ಹೋದದ್ದನ್ನು ನೋಡಿಯೂ ಮಗ ಬಿಡಲಿಲ್ಲ. ಮೊದಲು ಇದನ್ನು ಕೇಳಿದ್ದರೆ ಎಂಥಾ ಮನುಷ್ಯ ಅಂತ ಬೈಯುತ್ತಿದ್ದೆ. ಈಗ ಬೈಯಲು ಬಾಯಿ ಬರುವುದಿಲ್ಲ. ಅದು ಕಾಯಿಲೆ. ಗೊತ್ತಿದ್ದೂ ಬಿಡಲಾಗದ ಕಾಯಿಲೆ. ಕುಡಿದರೆ ವಾಂತಿ ಬರಿಸುವ ಮಾತ್ರೆಗಳನ್ನು ಹೊಟ್ಟೆಯ ಚರ್ಮದ ಕೆಳಗೆ ಹೊಲಿಸಿಕೊಂಡಿದ್ದ ಅವನು. 2002ರಲ್ಲಿ ಬೇರೆಯವರ ಲಿವರ್ ಹಾಕಿದರು. ಮತ್ತೆ ಕುಡಿದ. 2005ರ ನವೆಂಬರ್ 25ರಂದು ತೀರಿಕೊಂಡ, ಐವತ್ತೊಂಬತ್ತನೇ ವಯಸ್ಸಿಗೆ. ಅದಕ್ಕೆ ಕೆಲವು ದಿನ ಮೊದಲು ಆಸ್ಪತ್ರೆಯ ಹಾಸಿಗೆಯಲ್ಲಿ ತನ್ನ ಫೋಟೊ ತೆಗೆಯಲು ಬಿಟ್ಟ. ಹಳದಿಗಟ್ಟಿದ ಮೈ. ನನ್ನ ಹಾಗೆ ಸಾಯಬೇಡಿ ಅನ್ನುವ ಮಾತಿನ ಜೊತೆ ಅದು ಪತ್ರಿಕೆಯಲ್ಲಿ ಬಂತು.

ಆ ಫೋಟೊದಲ್ಲಿ ತಮಾಷೆ ಇಲ್ಲ. ಆ ವೇಟರ್‌ಗೆ ಅವನು ಕೊಟ್ಟ ಉತ್ತರ ಅದೇ ಇರಬೇಕು. ಉತ್ತರ ಹೇಳಲು ಅಷ್ಟು ವರ್ಷ ಬೇಕಾಯಿತು. ಅಷ್ಟೂ ವರ್ಷ ಪ್ರಶ್ನೆಯನ್ನೇ ನಗೆಯ ಕಥೆ ಮಾಡಿ ಹೇಳುತ್ತಾ ಬಂದ. ನಗಿಸಿದವನನ್ನು ಯಾರೂ ಮತ್ತೆ ಕೇಳುವುದಿಲ್ಲ ತಾನೇ?

ನೀನು ಫೋನ್ ಮಾಡಿದ್ದು ಬೆಳಗ್ಗೆ ಹನ್ನೊಂದು ಗಂಟೆಗೆ. ಏನು ಮಾಡ್ತಿದ್ದೀಯ ಅಂದೆ. ಕಾಫಿ ಕುಡಿಯುತ್ತಿದ್ದೇನೆ ಅಂದೆ ನಾನು. ಗ್ಲಾಸಿನಲ್ಲಿ ಐಸ್ ಅಲುಗಾಡಿದ್ದು ನಿನಗೆ ಕೇಳಿಸಿತ್ತು ಅಂತ ಈಗ ಅನ್ನಿಸುತ್ತಿದೆ. ಅದಕ್ಕೇ ಅಲ್ವಾ ನೀನು ಆ ಮಾತು ಕೇಳಿದ್ದು? ಹೋದ ವರ್ಷ ಮಗಳ ಶಾಲೆಯ ಫುಟ್‌ಬಾಲ್ ಪಂದ್ಯಕ್ಕೆ ನಾನು ಹೋಗಲಿಲ್ಲ. ಮೀಟಿಂಗ್ ಇತ್ತು ಅಂತ ನಿನಗೂ ಹೇಳಿದ್ದೆ, ಅವಳಿಗೂ ಹೇಳಿದ್ದೆ. ಮೀಟಿಂಗ್ ಇರಲಿಲ್ಲ. ಎದ್ದು ನಿಲ್ಲುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅವಳು ಎಡಗಾಲಿನಲ್ಲಿ ಗೋಲು ಹೊಡೆದಳಂತೆ. ಪಕ್ಕದ ಮನೆಯವರು ಹೇಳಿದರು. ನನಗೆ ಅವಳು ಹೇಳಲೇ ಇಲ್ಲ.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಸುಮ್ನೆ ಬೆಸ್ಟ್ ಬಗ್ಗೆ ಬರೆಯೋಣ ಅಂತ ಕೂತೆ. ಆದರೆ ನಿನಗೊಬ್ಬನಿಗೇ ಬರೆದರೆ ನಾಳೆ ಇನ್ನೊಂದು ಕಥೆ ಹೇಳಿ ತಪ್ಪಿಸಿಕೊಳ್ಳುತ್ತೇನೆ. ನಾಲ್ಕು ಜನರ ಮುಂದೆ ಹೇಳಿದರೆ ಅದು ಆಗಲ್ಲ. ಮಂಗಳವಾರ ಡಾಕ್ಟರ್ ಹತ್ತಿರ ಹೋಗುತ್ತಿದ್ದೇನೆ. ನೀನೂ ಜೊತೆಗೆ ಬರುತ್ತೀಯಾ? ಒಬ್ಬನೇ ಹೋದರೆ ಬಾಗಿಲಿನಿಂದಲೇ ವಾಪಸ್ ಬರುತ್ತೇನೇನೋ ಅನ್ನುವ ಭಯ ಇದೆ.

ಸರಿ, ಸಾಕು. ಜಾಸ್ತಿ ಆಯಿತು. ಭಾನುವಾರ ಬೆಳಗ್ಗೆ ಚೆಂಡು ತೆಗೆದುಕೊಂಡು ಬಾ. ಮಗಳನ್ನೂ ಕರೆತರುತ್ತೇನೆ. ಗೋಲಿಗೆ ನೀನೇ ನಿಲ್ಲಬೇಕು, ಅವಳ ಎಡಗಾಲು ನಾನಿನ್ನೂ ನೋಡಿಲ್ಲ. ಮತ್ತೆ, ಆ ಹಸಿರು ಟೋಪಿ ಹಾಕಿಕೊಂಡು ಬಂದೆಯೋ, ಸೆಮಿಫೈನಲ್ ದಿನ ಆದದ್ದು ನೆನಪಿರಲಿ. ಅವಳಿಗೆ ಪೂರ್ತಿ ಹೇಳಿಬಿಡುತ್ತೇನೆ.

ನಿನ್ನ,
ಲೆಫ್ಟ್ ಬ್ಯಾಕ್