ದಾಸ್ತಾನು ಲೈಬ್ರರಿಯ ಲಾಕ್ ಬದಲಾವಣೆ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಸರಕಿನ ಲೆಕ್ಕ ಇಡುವ ನಮ್ಮ ದಾಸ್ತಾನು ಲೈಬ್ರರಿಯ ಹೊಸ ಆವೃತ್ತಿಯಲ್ಲಿ ರಿಕರ್ಸಿವ್ ಲಾಕ್ ತೆಗೆದು ಸಾದಾ ಮ್ಯೂಟೆಕ್ಸ್ ಅಳವಡಿಸಿದ್ದೇವೆ. ಎರಡೂ, ಒಂದು ಸಮಯಕ್ಕೆ ಒಂದೇ ಥ್ರೆಡ್ (ಪ್ರೋಗ್ರಾಂನೊಳಗೆ ಜೊತೆಜೊತೆಗೆ ಓಡುವ ಕೆಲಸಗಳಲ್ಲಿ ಒಂದು) ಲೆಕ್ಕ ಮುಟ್ಟುವಂತೆ ಕಾಯುವ ಬೀಗಗಳೇ; ಬೀಗ ಹಿಡಿದಿರುವ ಥ್ರೆಡ್ಡೇ ಅದನ್ನು ಮತ್ತೆ ಕೇಳಿದರೆ ರಿಕರ್ಸಿವ್ ಲಾಕ್ ಕೊಡುತ್ತದೆ, ಸಾದಾ ಮ್ಯೂಟೆಕ್ಸ್ ಕೊಡುವುದಿಲ್ಲ. ಇದರಿಂದ ನಿಮ್ಮಲ್ಲಿ ಕೆಲವರು ಕೋಡ್ ತಿದ್ದಬೇಕಾಗಿದೆ. ಆ ತೊಂದರೆಗೆ ಕ್ಷಮೆ ಕೋರುತ್ತೇವೆ. ಬದಲಾವಣೆಯನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ.

"ಸರಿಯಾಗಿ ಓಡುತ್ತಿದ್ದುದನ್ನು ಏಕೆ ಮುಟ್ಟಿದಿರಿ, ಜಾವಾದಲ್ಲಿ ಇಂದಿಗೂ ಇಂಥದೇ ಲಾಕ್ ಇದೆಯಲ್ಲ" ಎಂಬ ಆಕ್ಷೇಪವನ್ನು ಮತ್ತೆ ಮತ್ತೆ ಕೇಳಿದ್ದೇವೆ. ಜಾವಾದ ಸಿಂಕ್ರನೈಸ್ಡ್, ಪೈಥಾನಿನ ಆರ್‌ಲಾಕ್, 2011ರಲ್ಲಿ ಸಿ ಪ್ಲಸ್ ಪ್ಲಸ್ ಮಾನಕಕ್ಕೆ ಸೇರಿದ ರಿಕರ್ಸಿವ್ ಮ್ಯೂಟೆಕ್ಸ್, ಎಲ್ಲವೂ ಲಾಕ್ ಹಿಡಿದಿರುವ ಥ್ರೆಡ್ಡೇ ಮತ್ತೆ ಕೇಳಿದರೆ ತಡೆಯದೆ ಒಳಗೆ ಬಿಡುತ್ತವೆ, ನಿಜ. ಅಪಾಯವಿರುವುದೂ ಅಲ್ಲೇ. ಗೋದಾಮಿನಿಂದ ಅಂಗಡಿಗೆ ಹತ್ತು ಮೂಟೆ ಅಕ್ಕಿ ವರ್ಗಾಯಿಸುವ ಫಂಕ್ಷನ್ ನೋಡಿ: ಲಾಕ್ ಹಿಡಿದು ಗೋದಾಮಿನ ಲೆಕ್ಕದಲ್ಲಿ ಹತ್ತು ಕಳೆಯುತ್ತದೆ, ನಿಮ್ಮ ಕಾಲ್‌ಬ್ಯಾಕ್ (ನೀವು ಬರೆದು ಲೈಬ್ರರಿಗೆ ಒಪ್ಪಿಸಿದ ಫಂಕ್ಷನ್) ಕರೆಯುತ್ತದೆ, ಆಮೇಲೆ ಅಂಗಡಿಗೆ ಹತ್ತು ಕೂಡಿಸುತ್ತದೆ. ನಡುವೆ ಆ ಕಾಲ್‌ಬ್ಯಾಕ್ ಒಟ್ಟು ದಾಸ್ತಾನು ಕೇಳಿದರೆ, ಥ್ರೆಡ್ ಅದೇ ಆದ್ದರಿಂದ ಲಾಕ್ ತಡೆಯುವುದಿಲ್ಲ, ಉತ್ತರದಲ್ಲಿ ಹತ್ತು ಮೂಟೆ ಕಡಿಮೆ ಬರುತ್ತದೆ; ಎರರ್ ಇಲ್ಲ, ಲಾಗ್‌ನಲ್ಲಿ ಒಂದು ಸಾಲೂ ಇಲ್ಲ. ಈ ಅಪಾಯ ಜಾವಾದಲ್ಲೂ ಇದೆ. ಆದರೆ ಲಾಕ್ ಬಿಟ್ಟು ಸೂಚನೆಗಾಗಿ ಕಾಯುವ ಜಾವಾದ ವೇಟ್ ಎಷ್ಟು ಬಾರಿ ಹಿಡಿದ ಲಾಕನ್ನೂ ಪೂರ್ತಿ ಬಿಡುತ್ತದೆ. ಯುನಿಕ್ಸ್ ಬಗೆಯ ವ್ಯವಸ್ಥೆಗಳ ಥ್ರೆಡ್ ಸೌಲಭ್ಯವಾದ ಪಿಥ್ರೆಡ್‌ನಲ್ಲಿ ರಿಕರ್ಸಿವ್ ಲಾಕನ್ನು ಎರಡು ಬಾರಿ ಹಿಡಿದು, ಕಂಡಿಷನ್ ವೇರಿಯಬಲ್ (ಬೇರೆ ಥ್ರೆಡ್ಡಿನ ಸೂಚನೆಗಾಗಿ ಕಾಯುವ ಸಾಧನ) ಮೇಲೆ ಕಾದರೆ ಲಾಕ್ ಬಿಡುಗಡೆಯಾಗದೆಯೇ ಉಳಿಯಬಹುದು, ಹಾಗಾಗಿ ಪಿಥ್ರೆಡ್ ನಿಯಮಗಳನ್ನು ಹೇಳುವ ಪೊಸಿಕ್ಸ್ ಮಾನಕವೇ ರಿಕರ್ಸಿವ್ ಲಾಕ್ ಮತ್ತು ಕಂಡಿಷನ್ ವೇರಿಯಬಲ್ ಎರಡನ್ನು ಒಟ್ಟಿಗೆ ಬಳಸದಂತೆ ಸಲಹೆ ನೀಡುತ್ತದೆ.

ಒಂದು ಸಾಲಿನ ಬದಲಾವಣೆಗೆ ಇಷ್ಟು ವಿಳಂಬವೇ ಎಂದವರ ಮಾತು ನಮಗೆ ನೋವು ತಂದಿದೆ. ಲಾಕಿನ ಬಗೆ ಒಂದು ಸಾಲಿನಲ್ಲಿ ಬದಲಾಗುತ್ತದೆ. ಆದರೆ ಅದನ್ನು ಹಿಡಿಯುವ ಪ್ರತಿಯೊಂದು ಫಂಕ್ಷನ್ನಿನಿಂದ ಲಾಕ್ ಮುಟ್ಟದ ಒಳಭಾಗವನ್ನು ಬೇರ್ಪಡಿಸಿ, ಯಾವುದು ಯಾವುದನ್ನು ಕರೆಯುತ್ತದೆಂದು ಕೊನೆಯವರೆಗೂ ಹಿಂಬಾಲಿಸಿ, ಎಲ್ಲವನ್ನೂ ಥ್ರೆಡ್‌ಗಳ ನಡುವಿನ ತಪ್ಪುಗಳನ್ನು ಪತ್ತೆಹಚ್ಚುವ ಥ್ರೆಡ್ ಸ್ಯಾನಿಟೈಸರ್ ಹಾಕಿ ಓಡಿಸಬೇಕಾಯಿತು. ಅದರಡಿ ಪ್ರೋಗ್ರಾಂ ಸಾಮಾನ್ಯವಾಗಿ 5ರಿಂದ 15 ಪಟ್ಟು ನಿಧಾನವಾಗುತ್ತದೆ, ಮೆಮೊರಿ 5ರಿಂದ 10 ಪಟ್ಟು ಬೇಕಾಗುತ್ತದೆ. ಈ ಪರೀಕ್ಷೆಗೆ ಬಳಸಿದ ಯಂತ್ರಗಳ ಬಾಡಿಗೆಯಲ್ಲಿ ಒಂದು ರೂಪಾಯಿಯನ್ನೂ ನಿಮ್ಮ ಬಿಲ್ಲಿಗೆ ಸೇರಿಸಿಲ್ಲ. ಈ ಕೆಲಸದ ಅಚ್ಚುಕಟ್ಟಿನ ಬಗ್ಗೆ ನಮಗೆ ಹೆಮ್ಮೆಯಿದೆ.

ಇನ್ನು ಮುಂದೆ ವರ್ಗಾವಣೆ ಮುಗಿದು ಲಾಕ್ ಬಿಟ್ಟ ಮೇಲೆಯೇ ಕಾಲ್‌ಬ್ಯಾಕ್ ಬರುತ್ತದೆ, ಎರಡೂ ಕಡೆಯ ಲೆಕ್ಕಗಳನ್ನು ಜೊತೆಗೇ ತರುತ್ತದೆ. ಹಲವು ನಮೂದುಗಳನ್ನು ಒಟ್ಟಿಗೆ ಬರೆಯಲು ನೀವೇ ಲಾಕ್ ಹಿಡಿದು ನಮ್ಮ ಫಂಕ್ಷನ್ ಕರೆಯುತ್ತಿದ್ದರೆ ಮಾತ್ರ ಪ್ರೋಗ್ರಾಂ ಅಲ್ಲೇ ನಿಂತುಬಿಡುತ್ತದೆ. ಮೊದಲು ಪರೀಕ್ಷಾ ಆವೃತ್ತಿಯಲ್ಲಿ ಓಡಿಸಿ. ಅದರಲ್ಲಿ ಎರರ್‌ಚೆಕ್ ಬಗೆಯ ಲಾಕ್ ಇರುವುದರಿಂದ ಎರಡನೆಯ ಬಾರಿ ಕೇಳಿದ ಜಾಗದಲ್ಲೇ ಎರರ್ ಬರುತ್ತದೆ. ಅಲ್ಲಿನ ಸ್ಟ್ಯಾಕ್ ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆದು ಅಲ್ಲಿಗೆ ತಲುಪಿತೆಂಬ ಪಟ್ಟಿ) ಕಳುಹಿಸಿದರೆ, ಲೈಬ್ರರಿ ಬರೆದ ನಾವೇ ಓದಿ, ನಿಮ್ಮ ಕೋಡ್ ಸರಿಯಾಗುವವರೆಗೂ ಜೊತೆಗಿರುತ್ತೇವೆ. ಅಲ್ಲಿಯವರೆಗೆ ಹಳೆಯ ಆವೃತ್ತಿಯನ್ನು ಬಳಸಲು ಅಡ್ಡಿಯಿಲ್ಲ.

ಇಂತಿ ನಿಮ್ಮ ವಿಶ್ವಾಸಿಗಳು,
ಲೈಬ್ರರಿ ತಂಡ