ಬೋರ್ಡಿನ ಮೇಲಿನ ಡ್ಯೂಕ್ ಶ್ರೀರಂಗಪಟ್ಟಣಕ್ಕೂ ಬಂದಿದ್ದ

ಇಂಗ್ಲೆಂಡಿನ ಹಳ್ಳಿಗಳಲ್ಲಿ ಚರ್ಚಿನ ಗೋಪುರ ಬಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಪಬ್ಬಿನ ಮುಂದೆ ನೇತಾಡುವ ಬಣ್ಣದ ಬೋರ್ಡು. ಇಲ್ಲಿಗೆ ಬಂದು ನೆಲೆಸಿದ ನಮ್ಮ ಕನ್ನಡಿಗರಲ್ಲಿ ಅನೇಕರು ಅದರತ್ತ ತಲೆ ಎತ್ತುವುದೂ ಇಲ್ಲ. ನಾವು ಕುಡಿಯೋದಿಲ್ಲ, ನಮಗ್ಯಾಕೆ ಅಂತ. ಕುಡಿಯಬೇಡಿ ಬಿಡಿ. ಬೋರ್ಡು ನೋಡೋದಕ್ಕೇನೂ ಕಾಸು ಕೊಡಬೇಕಿಲ್ಲ.

ಏಲ್ (ಒಂದು ಬಗೆಯ ಬಿಯರ್) ಮಾರುವವರು ಬಾಗಿಲಲ್ಲಿ ಗುರುತು ಹಾಕಲೇಬೇಕು ಎಂಬ ಕಟ್ಟಳೆ ಬಂದದ್ದು 1393ರಲ್ಲಿ, ಎರಡನೇ ರಿಚರ್ಡ್ ಕಾಲದಲ್ಲಿ. ರುಚಿ ನೋಡಿ ಪಾಸ್ ಮಾಡಲು ಬರುವ ಅಧಿಕಾರಿಗೆ ಅಂಗಡಿ ಸಿಗಬೇಕಲ್ಲ! ಓದು ಬಾರದ ಜನವೇ ಜಾಸ್ತಿ ಇದ್ದ ಕಾಲ, ಹಾಗಾಗಿ ಚಿತ್ರವೇ ವಿಳಾಸ. ವೈಟ್ ಹಾರ್ಟ್ ಪಬ್ಬುಗಳ ಬಿಳಿ ಸಾರಂಗ ಇದೇ ರಿಚರ್ಡನ ಲಾಂಛನ. ರಾಯಲ್ ಓಕ್ ಎಂದರೆ 1651ರಲ್ಲಿ ವೂಸ್ಟರ್ ಕದನ ಸೋತ ಎರಡನೇ ಚಾರ್ಲ್ಸ್ ಅಡಗಿ ಕೂತಿದ್ದ ಮರ.

ನನಗೆ ಇಷ್ಟವಾದ ಬೋರ್ಡು ಮಾತ್ರ ಡ್ಯೂಕ್ ಆಫ್ ವೆಲಿಂಗ್ಟನ್. ಈ ಹೆಸರಿನ ಪಬ್ಬು ದೇಶದ ತುಂಬ ಇವೆ. ಚೂಪು ಮೂಗು, ಕೆಂಪು ಕೋಟು. 1815ರಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ವಾಟರ್ಲೂ ಗೆಲುವು ಒಂದು ಕಾರಣ. ಇನ್ನೊಂದು, ಅವನು ಪ್ರಧಾನಿಯಾಗಿದ್ದಾಗಲೇ, 1830ರಲ್ಲಿ, ಬಿಯರ್ ಕಾಯ್ದೆ ಬಂತು. ತೆರಿಗೆ ಕಟ್ಟುವ ಯಾರೇ ಆಗಲಿ, ಎರಡು ಗಿನಿ (ಇಂಗ್ಲೆಂಡಿನ ಹಳೆಯ ನಾಣ್ಯ) ಕೊಟ್ಟು ಲೈಸೆನ್ಸ್ ತೆಗೆದುಕೊಂಡರೆ ಬಿಯರ್ ಮಾರಬಹುದಿತ್ತು. ಕೆಲವೇ ವರ್ಷಗಳಲ್ಲಿ ಸಾವಿರಾರು ಬಿಯರ್ ಮನೆಗಳು ಎದ್ದವು.

ಆದರೆ ಅವನು ಡ್ಯೂಕ್ ಆಗುವ ಮೊದಲಿನ ಕಥೆ ನಮ್ಮ ಕಾವೇರಿ ದಂಡೆಯದು. 1799ರ ಏಪ್ರಿಲ್ 5ರ ರಾತ್ರಿ, ಇನ್ನೂ 30 ತುಂಬದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನ್‌ಪೇಟೆ ತೋಪಿಗೆ ಪಡೆ ನುಗ್ಗಿಸಿದ. ಕತ್ತಲಲ್ಲಿ ದಾರಿ ತಪ್ಪಿತು. ಟಿಪ್ಪುವಿನ ಸೈನಿಕರು ಚೆನ್ನಾಗಿಯೇ ಬಾರಿಸಿದರು. ಮಂಡಿಗೆ ಪೆಟ್ಟು ತಿಂದು ಹಿಂದಿರುಗಿದ. ಮಾರನೇ ದಿನ ಬೆಳಕಿನಲ್ಲಿ ತೋಪು ಇಂಗ್ಲಿಷರ ಪಾಲಾಯಿತು, ಅದು ಬೇರೆ ಮಾತು. ಸರಿಯಾಗಿ ನೋಡದ ಜಾಗದ ಮೇಲೆ ರಾತ್ರಿ ಹೊತ್ತು ದಾಳಿ ಮಾಡಲ್ಲ ಅಂತ ಅವನು ಕಲಿತದ್ದು ಅಲ್ಲಿಯೇ. ಮೇ 4ರಂದು ಟಿಪ್ಪು ಮಡಿದ. ಆಮೇಲೆ ಪಟ್ಟಣದ ಆಡಳಿತ ಈ ಕರ್ನಲ್‌ಗೇ ಸಿಕ್ಕಿತು. ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ತಿನಲ್ಲಿ ವಾಸವಿದ್ದ. ಮರುವರ್ಷ, ಟಿಪ್ಪು ಸತ್ತ ಮೇಲೆ ಪಡೆ ಕಟ್ಟಿ ಬಂಡೆದ್ದಿದ್ದ ಚನ್ನಗಿರಿಯ ಧೊಂಡಿಯ ವಾಘನನ್ನು ಅಟ್ಟಿಸಿಕೊಂಡು ಹೋಗಿ ಕೊಂದವನೂ ಇವನೇ. ಅನಾಥನಾದ ವಾಘನ ಪುಟ್ಟ ಮಗನ ಖರ್ಚಿಗೆ ದುಡ್ಡು ಇಟ್ಟು ಹೋದವನೂ ಇವನೇ. ಇಂಥವನನ್ನು ಒಂದೇ ಮಾತಿನಲ್ಲಿ ಹೊಗಳಲೂ ಆಗದು, ಬೈಯಲೂ ಆಗದು.

ಇದ್ಯಾವುದೂ ಬೋರ್ಡಿನಲ್ಲಿ ಕಾಣುವುದಿಲ್ಲ. ನಾನು ನೋಡಿದ ಬೋರ್ಡುಗಳಲ್ಲೆಲ್ಲ ಬರೀ ವಾಟರ್ಲೂ!

ಹಳ್ಳಿಯ ಪಬ್ಬು ನಮ್ಮೂರ ಅರಳಿಕಟ್ಟೆ ಇದ್ದ ಹಾಗೆ. ಕ್ರಿಕೆಟ್ ತಂಡ, ಜಗಳ, ಮದುವೆಯ ಮಾತು ಎಲ್ಲ ಅಲ್ಲೇ. ಈಗ ಒಂದೊಂದಾಗಿ ಮುಚ್ಚುತ್ತಿವೆ. ಕೈಯಲ್ಲಿ ಬರೆದ ಬೋರ್ಡಿನ ಜಾಗಕ್ಕೆ ಪ್ರಿಂಟ್ ಮಾಡಿದ ಹಾಳೆ ಬರುತ್ತಿದೆ, ಬರೆಯುವವರೂ ಕಡಿಮೆಯಾಗಿದ್ದಾರೆ. ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಹಳ್ಳಿಯವರು 2003ರಲ್ಲಿ ಸಹಕಾರ ಸಂಘ ಕಟ್ಟಿ ತಮ್ಮ ಓಲ್ಡ್ ಕ್ರೌನ್ ಪಬ್ಬನ್ನೇ ಕೊಂಡರು. 2011ರ ಲೋಕಲಿಸಂ ಕಾಯ್ದೆ ಬಂದ ಮೇಲೆ ಇಂಗ್ಲೆಂಡಿನಲ್ಲಿ ಊರವರು ಪಬ್ಬನ್ನು ಸಮುದಾಯದ ಆಸ್ತಿ ಎಂದು ಪಟ್ಟಿಗೆ ಸೇರಿಸಬಹುದು. ಮಾರಾಟಕ್ಕೆ ಬಂದರೆ ಹಣ ಹೊಂದಿಸಲು ಆರು ತಿಂಗಳು ಸಿಗುತ್ತದೆ. ನಿಮ್ಮ ಹಳ್ಳಿಯಲ್ಲಿ ಅಂಥ ಸಹಿ ಸಂಗ್ರಹ ನಡೆದರೆ ಸುಮ್ನೆ ದಾಟಿ ಹೋಗಬೇಡಿ. ಇಲ್ಲಿ ಮನೆ ಮಾಡಿಕೊಂಡ ಮೇಲೆ ನಾವೂ ಊರವರೇ ಅಲ್ವಾ?

ಮುಂದಿನ ಸಂಚಿಕೆಗೆ ನಿಮ್ಮೂರಿನ ಪಬ್ ಬೋರ್ಡಿನ ಫೋಟೋ ಕಳಿಸಿ, ಜೊತೆಗೆ ನಾಲ್ಕು ಸಾಲು ಕಥೆ ಇರಲಿ. ಎರಡೂ ಬದಿ ತೆಗೆಯಿರಿ, ಕೆಲವು ಬೋರ್ಡುಗಳಲ್ಲಿ ಹಿಂದೊಂದು ಮುಂದೊಂದು ಚಿತ್ರ ಇರುತ್ತದೆ. ಡ್ಯೂಕ್ ಸಿಕ್ಕಿದರೆ ಒಳಗೆ ಹೋಗಿ ಒಂದು ಕಾಫಿ ಹೇಳಿ, ಮಾಲೀಕರಿಗೆ ಸುಲ್ತಾನ್‌ಪೇಟೆ ತೋಪಿನ ಕಥೆ ಹೇಳಿ ಬನ್ನಿ.