ಬಸ್ಸು ಎಲ್ಲರಿಗೂ ಉಚಿತವಾಗಲಿ: ನಮ್ಮ ಕ್ಷೇತ್ರದ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ವಂದನೆಗಳು.

ಹದಿನಾಲ್ಕು ತಿಂಗಳ ಹಿಂದೆ ಜನಸಂಪರ್ಕ ಸಭೆಯಲ್ಲಿ ತಮ್ಮ ಕೈಗೇ ಕೊಟ್ಟ ಮನವಿಗೆ ‘ಪರಿಶೀಲಿಸಲಾಗುವುದು’ ಎಂಬ ಒಂದು ಸಾಲಿನ ಹಿಂಬರಹ ಬಂದದ್ದನ್ನು ಬಿಟ್ಟರೆ ಬೇರೇನೂ ಆಗದಿರುವುದರಿಂದ, ಅದೇ ಬೇಡಿಕೆಯನ್ನು ಈಗ ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ. ರಾಜ್ಯದ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ಗಂಡಸರೂ ಸೇರಿದಂತೆ ಎಲ್ಲರಿಗೂ ಉಚಿತ ಪ್ರಯಾಣ ಕೊಡಿಸಿ.

ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆಯ ನಿಯಮಗಳನ್ನು ತಮಗೆ ನಾನು ಹೇಳಿಕೊಡಬೇಕಾಗಿಲ್ಲ. 2023ರ ಜೂನ್ 11ರಂದು ಅದು ಆರಂಭವಾದಾಗ ನಮ್ಮ ಮನೆಯಲ್ಲಿ ದೀಪ ಹಚ್ಚಿದಷ್ಟು ಸಂತೋಷವಾಗಿತ್ತು. ನನ್ನ ಹೆಂಡತಿಯ ಎರಡೂ ಮೂತ್ರಪಿಂಡಗಳು ಕೆಟ್ಟು, ವಾರಕ್ಕೆರಡು ಬಾರಿ, ಸೋಮವಾರ ಮತ್ತು ಗುರುವಾರ, 55 ಕಿಲೋಮೀಟರ್ ದೂರದ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗಬೇಕು. ಚಿಕಿತ್ಸೆ ಉಚಿತ, ಆಕೆಯ ಬಸ್ಸೂ ಉಚಿತ. ಆದರೆ ಚಿಕಿತ್ಸೆ ಮುಗಿದ ಮೇಲೆ ರಕ್ತದೊತ್ತಡ ಕುಸಿದು ಕಣ್ಣು ಕತ್ತಲೆ ಬರುವ ರೋಗಿಯನ್ನು ಒಬ್ಬಳೇ ಕಳುಹಿಸಬೇಡಿ ಎಂದು ವೈದ್ಯರು ಹೇಳಿದ್ದಾರೆ. ಜೊತೆಗೆ ಹೋಗಲು ನಾನಲ್ಲದೆ ಬೇರೆ ಯಾರೂ ಇಲ್ಲ, ನಾನು ಗಂಡಸು.

ನಾನು ಅನುದಾನರಹಿತ ಶಾಲೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಪಾಠ ಹೇಳಿ ಪಿಂಚಣಿಯಿಲ್ಲದೆ ಹೊರಬಂದವನು. ತಿಂಗಳಿಗೆ ವಯಸ್ಸಾದವರಿಗೆ ಸರ್ಕಾರ ಕೊಡುವ ಸಂಧ್ಯಾ ಸುರಕ್ಷಾದ 1,200 ರೂಪಾಯಿ ಬರುತ್ತದೆ. ಹಿರಿಯ ನಾಗರಿಕರಿಗೆ ಕೊಡುವ ಶೇ. 25ರ ರಿಯಾಯಿತಿ ಕಳೆದು ಒಂದು ಕಡೆಗೆ 45 ರೂಪಾಯಿ, ಹೋಗಿಬರಲು 90, ತಿಂಗಳಲ್ಲಿ ಎಂಟು ಸಲಕ್ಕೆ 720 ರೂಪಾಯಿ. ಉಳಿಯುವುದು 480. ಹೆಂಡತಿಗೆ ಮನೆಯೊಡತಿಯೆಂದು ಸರ್ಕಾರದಿಂದ ಬರುವ ಗೃಹಲಕ್ಷ್ಮಿಯ 2,000 ರೂಪಾಯಿ ಔಷಧಿಯ ಅಂಗಡಿ ದಾಟಿ ಮನೆಗೆ ಬಂದದ್ದೇ ಇಲ್ಲ. 2025ರ ಜನವರಿ 5ರಿಂದ ಬಸ್ ದರವನ್ನು ಶೇ. 15ರಷ್ಟು ಏರಿಸಿದಾಗ, ಮಹಿಳೆಯರ ಟಿಕೆಟ್ಟಿನ ಹಣವನ್ನು ಸರ್ಕಾರವೇ ಭರಿಸುವುದರಿಂದ, ಆ ಏರಿಕೆ ಯಾರ ಜೇಬಿಗೆ ತಗುಲಿತೆಂದು ತಾವೇ ಯೋಚಿಸಿ ನೋಡಿ.

ಇಷ್ಟನ್ನು ಮೂರು ವರ್ಷದಿಂದ ಸಹಿಸಿಕೊಂಡೇ ಬಂದಿದ್ದೆ. ಕಳೆದ ತಿಂಗಳ ಒಂದು ಗುರುವಾರ ನಡೆದದ್ದನ್ನು ಸಹಿಸಲಾಗಲಿಲ್ಲ.

ಅಂದು ನಾಲ್ಕು ತಾಸು ಯಂತ್ರದ ಪಕ್ಕದಲ್ಲಿ ಮಲಗಿ ಎದ್ದ ಆಕೆಯನ್ನು ಸಂಜೆ ಆರರ ಬಸ್ಸಿಗೆ ಹತ್ತಿಸಿದೆ. ಬಸ್ಸು ಕಿಕ್ಕಿರಿದಿತ್ತು, ಕಾಲೇಜಿನ ಹುಡುಗಿಯೊಬ್ಬಳು ಎದ್ದು ಜಾಗ ಬಿಟ್ಟಳು. ನಾನು ಪಕ್ಕದಲ್ಲೇ ನಿಂತು, ಆಕೆಯ ಆಧಾರ್ ತೋರಿಸಿ, ನನ್ನ ಗುರುತಿನ ಚೀಟಿ ತೋರಿಸಿ, 45 ರೂಪಾಯಿಯನ್ನು ಎಣಿಸಿ ಕೊಟ್ಟೆ. ನಿರ್ವಾಹಕರು ಯಂತ್ರ ಒತ್ತಿ ಎರಡು ಟಿಕೆಟ್ ಹರಿದು ಕೊಟ್ಟರು. ಸೂಜಿ ತೆಗೆದ ಜಾಗದಲ್ಲಿ ಹತ್ತಿ ಒದ್ದೆಯಾಗಿ ರಕ್ತ ಒಸರುತ್ತಿದ್ದುದರಿಂದ ಅದನ್ನು ಹೆಬ್ಬೆರಳಿನಿಂದ ಅದುಮಿ ಹಿಡಿದಿದ್ದ ನಾನು, ಟಿಕೆಟ್‌ಗಳನ್ನು ನೋಡದೆ ಜೇಬಿಗಿಳಿಸಿದೆ. ಅರ್ಧ ದಾರಿಯಲ್ಲಿ ತನಿಖೆಯವರು ಹತ್ತಿದರು. ನೋಡಿದರೆ ಎರಡೂ ಮಹಿಳೆಯರಿಗೆ ಕೊಡುವ ಶೂನ್ಯ ಟಿಕೆಟ್‌ಗಳು.

“ಏನ್ ಯಜಮಾನ್ರೇ, ನೀವು ಯಾವಾಗ ಹೆಂಗಸಾದ್ರಿ?” ಎಂದು ಅವರಲ್ಲೊಬ್ಬರು ಕೇಳಿದರು. ಬಸ್ಸಿನಲ್ಲಿ ನಗು ಎದ್ದಿತು. ಸಾವಿರಾರು ಮಕ್ಕಳ ಎದುರು ನಿಂತು ಪಾಠ ಹೇಳಿದ ನನಗೆ ಅಲ್ಲಿ ಬಾಯಿಂದ ಮಾತು ಹೊರಡಲಿಲ್ಲ. ಹಣ ಕೊಟ್ಟಿದ್ದೇನೆ, ಕೇಳಿ ನೋಡಿ ಎಂದು ಕೊನೆಗೆ ಹೇಳಿದಾಗ ನಿರ್ವಾಹಕರು ತಲೆ ತಗ್ಗಿಸಿದರೇ ಹೊರತು ಹೌದೆನ್ನಲಿಲ್ಲ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಎಂಬತ್ತು ಜನರ ನಡುವೆ ನುಸುಳಿಕೊಂಡು, ಯಾರು ಶೂನ್ಯ, ಯಾರು ಅರ್ಧ, ಯಾರು ಪೂರ್ತಿ ಎಂದು ಬೆರಳೊತ್ತುವಾಗ ತಪ್ಪಿದರೆ ಅವನ ಕೆಲಸಕ್ಕೇ ಕುತ್ತು. ನನ್ನನ್ನು ಕೆಳಗಿಳಿಸಿ ದಂಡದ ರಸೀದಿ ಬರೆದರು. ನೀವು ಕೂತಿರಿ, ನಿಮ್ಮದೇನೂ ತಪ್ಪಿಲ್ಲ ಎಂದರೂ ಕೇಳದೆ ಆಕೆಯೂ ಇಳಿದಳು. ಬಸ್ಸು ಹೊರಟುಹೋಯಿತು. ಮುಚ್ಚಿದ ಚಹಾ ಅಂಗಡಿಯ ಕಟ್ಟೆಯ ಮೇಲೆ, ನನ್ನ ತೊಡೆಯ ಮೇಲೆ ತಲೆಯಿಟ್ಟು ಆಕೆ ರಾತ್ರಿ ಒಂಬತ್ತೂವರೆಯವರೆಗೆ ಮಲಗಿದ್ದಳು. “ನನ್ನಿಂದ ನಿಮಗೆ ಇದೆಲ್ಲ” ಎಂದು ಎರಡು ಸಲ ಹೇಳಿದಳು. ಆಕೆಯ ಬಾಯಿಂದ ಆ ಮಾತು ಬರುವ ಹಾಗೆ ಮಾಡಿದವರು ಯಾರು, ಶಾಸಕರೇ?

ಮಹಿಳೆಯರಿಗೆ ಕೊಟ್ಟದ್ದನ್ನು ಕಿತ್ತುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವವರ ಜೊತೆ ನಾನು ನಿಲ್ಲುವವನಲ್ಲ. ಶಕ್ತಿ ಇಲ್ಲದಿದ್ದರೆ ನನ್ನ ಹೆಂಡತಿ ಇಂದು ಇರುತ್ತಿರಲಿಲ್ಲವೇನೋ. 2025ರ ಜುಲೈನಲ್ಲಿ 500 ಕೋಟಿನೇ ಶೂನ್ಯ ಟಿಕೆಟನ್ನು ಮುಖ್ಯಮಂತ್ರಿಗಳೇ ವಿತರಿಸಿದ್ದನ್ನು ಓದಿ ಹೆಮ್ಮೆಪಟ್ಟವನು ನಾನು. ಕೊಟ್ಟ ಕೈ ಅರ್ಧಕ್ಕೆ ನಿಲ್ಲಬಾರದು ಎಂಬುದಷ್ಟೇ ನನ್ನ ಮಾತು. ಒಂದೇ ಮನೆಯ ಅಕ್ಕ ಆಧಾರ್ ತೋರಿಸಿ ಕಾಲೇಜಿಗೆ ಹೋಗುತ್ತಾಳೆ, ತಮ್ಮನೋ ಹಣ ಕಟ್ಟಿ ಪಾಸು ಮಾಡಿಸಬೇಕು. ಬಡತನ ಇಬ್ಬರದೂ ಒಂದೇ ಅಲ್ಲವೇ?

ಇದು ಆಗದ ಮಾತೇನಲ್ಲ. ಲಕ್ಸಂಬರ್ಗ್ ದೇಶದಲ್ಲಿ 2020ರಿಂದ ಬಸ್ಸು, ಟ್ರಾಮು ಮತ್ತು ರೈಲಿನ ಎರಡನೇ ದರ್ಜೆ ಎಲ್ಲರಿಗೂ ಉಚಿತ. ಅದು ಸಿರಿವಂತ ಪುಟ್ಟ ದೇಶ, ನಮ್ಮದಕ್ಕೆ ಹೋಲಿಕೆಯಲ್ಲ ಎಂದು ತಾವು ಹೇಳಬಹುದು, ಒಪ್ಪುತ್ತೇನೆ. ಹಣ ಬೇಕು, ಬಸ್ಸುಗಳು ಹೆಚ್ಚಬೇಕು, ಈಗಿನ ಶೂನ್ಯ ಟಿಕೆಟ್ಟುಗಳ ಬಾಕಿಯನ್ನೂ ಸರ್ಕಾರ ಸಾರಿಗೆ ನಿಗಮಗಳಿಗೆ ಸಕಾಲಕ್ಕೆ ಕೊಡಬೇಕು. ಅದಕ್ಕೆ ದಾರಿ ಹುಡುಕಲೆಂದೇ ತಮ್ಮನ್ನು ವಿಧಾನಸಭೆಗೆ ಕಳುಹಿಸಿದ್ದೇವೆ. ಒಂದೇ ಸಲಕ್ಕೆ ಎಲ್ಲರಿಗೂ ಆಗದಿದ್ದರೆ ಅರವತ್ತು ದಾಟಿದ ಗಂಡಸರಿಂದಲೂ, ರೋಗಿಗಳ ಜೊತೆ ಹೋಗುವವರಿಂದಲೂ ಶುರುಮಾಡಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಮತ್ತೊಂದು ಕಾರ್ಡು, ಮತ್ತೊಂದು ದೃಢೀಕರಣ ಪತ್ರ, ಮತ್ತೊಂದು ಸಾಲು ನಮಗೆ ಬೇಡ. ಬಸ್ಸು ಹತ್ತಿದವರಿಗೆಲ್ಲ ಉಚಿತವೆಂದಾದರೆ ಯಾರ ಗುರುತನ್ನೂ ಕೇಳಬೇಕಿಲ್ಲ, ಯಾರನ್ನೂ ನಡುದಾರಿಯಲ್ಲಿ ಇಳಿಸಬೇಕಿಲ್ಲ.

ಮುಂದಿನ ಅಧಿವೇಶನದಲ್ಲಿ ಈ ಪ್ರಶ್ನೆಯನ್ನು ಸದನದಲ್ಲಿ ಎತ್ತಿ, ಸಾರಿಗೆ ಸಚಿವರಿಂದ ಉತ್ತರ ಪಡೆದು ತಿಳಿಸಬೇಕೆಂದು ಕೋರುತ್ತೇನೆ. ಈ ಸಲ ನನಗೆ ಹಿಂಬರಹ ಬೇಡ. ಬಸ್ಸು ಎಲ್ಲರಿಗೂ ಉಚಿತವಾಗಬೇಕು. ಬರುವ ಸೋಮವಾರ ಬೆಳಿಗ್ಗೆ ಆರೂವರೆಯ ಬಸ್ಸಿಗೆ ನಾವಿಬ್ಬರೂ ಮತ್ತೆ ಹೊರಡುತ್ತೇವೆ. ನನ್ನ ಜೇಬಿನಲ್ಲಿ 90 ರೂಪಾಯಿ ಚಿಲ್ಲರೆ ಎಣಿಸಿಟ್ಟಿರುತ್ತದೆ.

ಇಂತಿ,
ತಮ್ಮ ಕ್ಷೇತ್ರದ ಒಬ್ಬ ಮತದಾರ